ರಾಜೀನಾಮೆ ಕೊಟ್ಟ ಮೇಲಿನ ಸೋಮವಾರ

ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಇಂಥದೊಂದು ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಲಕ್ಷಗಟ್ಟಲೆ ಸಂಬಳ ಎಣಿಸುತ್ತಿದ್ದವರೊಬ್ಬರು, ಇಲ್ಲವೇ ಕಾರ್ಪೊರೇಟ್ ಆಸ್ಪತ್ರೆಯ ತಜ್ಞ ವೈದ್ಯರೊಬ್ಬರು, ಎಲ್ಲ ಬಿಟ್ಟು ಕಾಡಂಚಿನ ಯಾವುದೋ ಊರಿಗೆ ಆರೋಗ್ಯದ ಕೆಲಸ ಮಾಡಲು ಹೋದರು ಎಂಬ ಸುದ್ದಿ. ಜೊತೆಗೊಂದು ಚಿತ್ರ: ಖಾದಿ ಜುಬ್ಬಾ, ಸುತ್ತ ನಗುವ ಮಕ್ಕಳು, ಹಿಂದೆ ಬೆಟ್ಟ. ಓದಿದವರು ದೊಡ್ಡ ಮನಸ್ಸು ಎನ್ನುತ್ತಾರೆ, ವಾಟ್ಸ್ಆ್ಯಪ್ ಗುಂಪಿಗೆ ದಾಟಿಸುತ್ತಾರೆ, ಮರೆಯುತ್ತಾರೆ. ಸುದ್ದಿ ರಾಜೀನಾಮೆ ಪತ್ರದ ಹತ್ತಿರವೇ ನಿಂತುಬಿಡುತ್ತದೆ. ಆ ಮನುಷ್ಯ ಮುಂದಿನ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡಿದ, ಹೊಸ ಕೆಲಸವನ್ನು ಯಾರಿಂದ ಕಲಿತ, ತಿಂಗಳ ಕೊನೆಗೆ ಮನೆ ಬಾಡಿಗೆ ಎಲ್ಲಿಂದ ಹುಟ್ಟಿತು, ಮೂರು ವರ್ಷ ಕಳೆದ ಮೇಲೂ ಅಲ್ಲೇ ಇದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ.

ಕೇಳದಿರುವುದಕ್ಕೆ ಕಾರಣವಿದೆ. ಸಮುದಾಯ ಆರೋಗ್ಯವನ್ನು ನಮ್ಮ ಸಮಾಜ ಉದ್ಯೋಗವೆಂದು ನೋಡಿಯೇ ಇಲ್ಲ, ತ್ಯಾಗವೆಂದು ನೋಡಿದೆ. ತ್ಯಾಗಿಗೆ ಹಾರ ಹಾಕಬಹುದು, ಸಂಬಳ, ಭವಿಷ್ಯನಿಧಿ, ಬಡ್ತಿ, ಹೆರಿಗೆ ರಜೆ ಎಂದರೆ ಮಾತು ಮುಜುಗರಕ್ಕೆ ತಿರುಗುತ್ತದೆ. ಹಾಗಾಗಿ ಆ ದಾರಿ ಬೆನ್ನಿಗೆ ಗಟ್ಟಿ ಆಸರೆ ಇದ್ದವರಿಗಷ್ಟೇ ಉಳಿದಿದೆ. ಸ್ವಂತ ಮನೆ, ದುಡಿಯುವ ಸಂಗಾತಿ, ತೀರಿದ ಸಾಲ ಇರದವರು ಎಷ್ಟೇ ಆಸೆಪಟ್ಟರೂ ಇತ್ತ ಬರಲಾರರು. ಬಂದವರಲ್ಲಿ ಅನೇಕರು ಬೇಗನೆ ದಣಿದು ವಾಪಸಾಗುತ್ತಾರೆ, ಊರಿನವರು ಮತ್ತೊಂದು ಬೋರ್ಡು ತುಕ್ಕು ಹಿಡಿಯುವುದನ್ನು ನೋಡುತ್ತಾರೆ. ವೃತ್ತಿ ಬದಲಿಸುವವರಿಗೆ ಬೇಕಾಗಿರುವುದು ಹೊಗಳಿಕೆಯಲ್ಲ, ವ್ಯವಸ್ಥೆ. ಕಲಿಯಲು ಜಾಗ, ಬದುಕಲು ಸಂಬಳ, ಮುಂದೆ ಹೋಗಲು ಮೆಟ್ಟಿಲು.

ಹೀಗೆ ಹೋಗಿ ನಿಂತವರ ಕಥೆಗಳನ್ನು ಸ್ವಲ್ಪ ಕೆದಕಿದರೆ ಈ ಮಾತು ತಾನಾಗಿ ಹೊರಬೀಳುತ್ತದೆ. ರಜನಿಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ದಂಪತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಲಿತ ವೈದ್ಯರು. ಮಹಾರಾಷ್ಟ್ರದ ವಡಾಳಾದ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವರಿಗೆ ಕಂಡದ್ದು ಒಂದೇ ಸುತ್ತು: ಗುಣವಾಗಿ ಮನೆಗೆ ಹೋದವರು ಅದೇ ಕಾಯಿಲೆ ಹೊತ್ತು ಮತ್ತೆ ಬಾಗಿಲಿಗೆ ಬರುತ್ತಿದ್ದರು. ಇಬ್ಬರೂ ತಕ್ಷಣ ಹಳ್ಳಿಗೆ ಓಡಲಿಲ್ಲ. ಅಮೆರಿಕಕ್ಕೆ ಹೋಗಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ, 1970ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಬರಪೀಡಿತ ಜಾಮಖೇಡಕ್ಕೆ ಬಂದರು. ಬಂದ ಮೇಲೂ ಮೊದಲ ಲೆಕ್ಕಾಚಾರ ತಪ್ಪಿತು. ತರಬೇತಾದ ನರ್ಸುಗಳನ್ನು ಹಳ್ಳಿಗಳಲ್ಲಿ ಇರಿಸಿ ನೋಡಿದರು, ಅವರು ಊರಿಗೆ ಹೊಂದಲಿಲ್ಲ, ಊರೂ ಅವರಿಗೆ ಹೊಂದಲಿಲ್ಲ. ಆಮೇಲೆ ಆಯಾ ಊರಿನ ಹೆಂಗಸರನ್ನೇ ಆರಿಸಿದರು. ಅವರಲ್ಲಿ ಬಹಳಷ್ಟು ಮಂದಿಗೆ ಅಕ್ಷರ ಬಾರದು, ಅನೇಕರು ದಲಿತರು. ಅವರೇ ಹೆರಿಗೆ ಮಾಡಿಸಿದರು, ಮಕ್ಕಳ ತೂಕ ನೋಡಿದರು, ಕುಷ್ಠರೋಗಿಗಳನ್ನು ಮುಟ್ಟಿ ಆರೈಕೆ ಮಾಡಿದರು. 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಆರೋಳೆ ದಂಪತಿಗೆ. ನಿಜವಾಗಿ ವೃತ್ತಿ ಬದಲಿಸಿದವರು ಮಾತ್ರ ಆ ಹೆಂಗಸರು. ಹೊಲದ ಕೂಲಿಯಿಂದ ಊರಿನ ಆರೋಗ್ಯದ ಹೊಣೆಗೆ ಅವರು ಹಾಕಿದ ಹೆಜ್ಜೆಯ ಮುಂದೆ ಯಾವ ಸಾಫ್ಟ್‌ವೇರ್ ಎಂಜಿನಿಯರನ ರಾಜೀನಾಮೆಯೂ ಸಣ್ಣದು.

ಬೆಂಗಳೂರಿನಲ್ಲೇ ಇನ್ನೊಂದು ಉದಾಹರಣೆಯಿದೆ. ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಕೀಯ ಕಲಿಸುತ್ತಿದ್ದವರು. ಅಂದರೆ ಇದೇ ವಿಷಯದ ಮೇಷ್ಟರು. ಆದರೂ 1984ರಲ್ಲಿ ಕಾಲೇಜು ಬಿಟ್ಟು ಕಮ್ಯುನಿಟಿ ಹೆಲ್ತ್ ಸೆಲ್ ಎಂಬ ಪುಟ್ಟ ಗುಂಪು ಕಟ್ಟಿದರು. ಅವರು ಆಸ್ಪತ್ರೆ ತೆರೆಯಲಿಲ್ಲ. ಆಗಲೇ ಹಳ್ಳಿ, ಕೊಳೆಗೇರಿಗಳಲ್ಲಿ ದುಡಿಯುತ್ತಿದ್ದವರಿಗೆ ಒತ್ತಾಸೆಯಾಗಿ ನಿಲ್ಲುವುದು, ಹೊಸಬರಿಗೆ ದಾರಿ ತೋರಿಸುವುದು ಅವರ ಕೆಲಸವಾಯಿತು. ಮುಂದೆ ಅದೇ ‘ಸೊಚಾರಾ’ ಸಂಸ್ಥೆಯಾಗಿ ಬೆಳೆಯಿತು. 2003ರಿಂದ ಅಲ್ಲಿ ನಡೆದ ಕಲಿಕಾ ಕಾರ್ಯಕ್ರಮದ ವಿಶೇಷವೆಂದರೆ ಅದು ವೈದ್ಯರಿಗಷ್ಟೇ ಮೀಸಲಾಗಿರಲಿಲ್ಲ. ಬಂದವರು ಒಂದಿಷ್ಟು ತಿಂಗಳು ಯಾವುದಾದರೂ ಊರಿನಲ್ಲೋ ಸಂಘಟನೆಯ ಜೊತೆಯಲ್ಲೋ ಇದ್ದು, ನೋಡಿ, ತಪ್ಪು ಮಾಡಿ, ವಾಪಸು ಬಂದು ಚರ್ಚಿಸಬೇಕಿತ್ತು. ಜೊತೆಗೆ ಬದುಕಲು ಒಂದಿಷ್ಟು ಫೆಲೋಶಿಪ್. ವೃತ್ತಿ ಬದಲಿಸುವವರಿಗೆ ಬೇಕಾದ ಸೋಮವಾರ ಎಂದರೆ ಇಂಥದು. ಆದರೆ ಒಂದು ಸಣ್ಣ ಸಂಸ್ಥೆ ಎಷ್ಟು ಜನರನ್ನು ಹೊತ್ತೀತು? ಸರ್ಕಾರದ ಅಥವಾ ವಿಶ್ವವಿದ್ಯಾಲಯಗಳ ಮಟ್ಟದಲ್ಲಿ ಆಗಬೇಕಿದ್ದ ಕೆಲಸ ಅದು.

ಹಳೆಯ ವೃತ್ತಿಯನ್ನು ಪೂರಾ ಕಳಚಿ ಎಸೆಯಬೇಕು ಎಂಬುದೂ ಒಂದು ಭ್ರಮೆ. ದೆಹಲಿಯ ಏಮ್ಸ್‌ನಲ್ಲಿ ಕಲಿತ ಕೆಲವು ವೈದ್ಯರು 1996ರಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಕಟ್ಟಿ, ಛತ್ತೀಸಗಡದ ಬಿಲಾಸ್‌ಪುರದ ಹತ್ತಿರದ ಗನಿಯಾರಿಯಲ್ಲಿ ನೆಲೆ ನಿಂತರು. ಕ್ಷಯದ ರೋಗಿಗಳು ಅಲ್ಲಿ ಬರುತ್ತಿದ್ದದ್ದು ಮೂಳೆ ಚಕ್ಕಳವಾಗಿ. ಬೇರೆಯವರಾಗಿದ್ದರೆ ಮರುಗಿ ಸುಮ್ಮನಾಗುತ್ತಿದ್ದರೇನೋ. ಇವರು ತೂಕ ಹಾಕಿ ಬರೆದಿಟ್ಟರು. ಗಂಡಸರ ಮಧ್ಯಮ ತೂಕ 42 ಕಿಲೋ, ಹೆಂಗಸರದು 34 ಕಿಲೋ. ಈ ಲೆಕ್ಕ 2013ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ತಂಡದಲ್ಲಿದ್ದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದೆ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿಗೆ ಬಂದರೂ ಊಟಕ್ಕೂ ಕ್ಷಯಕ್ಕೂ ಇರುವ ನಂಟಿನ ಪ್ರಶ್ನೆಯನ್ನು ಕೈಬಿಡಲಿಲ್ಲ. ಜಾರ್ಖಂಡದಲ್ಲಿ 2,800 ಕ್ಷಯರೋಗಿಗಳನ್ನೂ ಅವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಒಳಗೊಂಡ ಅಧ್ಯಯನ ನಡೆಯಿತು. ಅಕ್ಕಿ, ಬೇಳೆ ಸೇರಿದ ಆಹಾರದ ಪೊಟ್ಟಣ ಮನೆಯವರಿಗೂ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು, ಸೋಂಕು ಹರಡುವ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆಯಾಯಿತು. 2023ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ದೊಡ್ಡ ಆಸ್ಪತ್ರೆಯಲ್ಲಿ ಕಲಿತ ಶಿಸ್ತನ್ನು ಬಡವರ ಊಟದ ಪ್ರಶ್ನೆಗೆ ಹಚ್ಚಿದ್ದರ ಫಲ ಇದು. ಮರುಕ ಮಾತ್ರ ಇದ್ದಿದ್ದರೆ ಒಂದಿಷ್ಟು ಅಕ್ಕಿ ಹಂಚಿ ಮುಗಿಯುತ್ತಿತ್ತು.

ಇವರೆಲ್ಲ ವೈದ್ಯರು. ವೈದ್ಯರಲ್ಲದವರು ಇಲ್ಲಿ ಏನು ಮಾಡಬೇಕು ಎಂದು ಕೇಳುವವರಿಗೆ ಕಲ್ಯಾಣ ಕರ್ನಾಟಕದ ಹಿರಿಯರು ನಾರು ಹುಣ್ಣಿನ ಕಥೆ ಹೇಳಬಲ್ಲರು. ಮೆಟ್ಟಿಲು ಬಾವಿಗೆ ಇಳಿದು ಕಾಲು ತೋಯಿಸಿಕೊಂಡು ನೀರು ತುಂಬುವ ಕಡೆ ಈ ರೋಗ ಹರಡುತ್ತಿತ್ತು. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬಂದು ವಾರಗಟ್ಟಲೆ ಮನುಷ್ಯನನ್ನು ಮಲಗಿಸುತ್ತಿತ್ತು. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದರು, ಕೊಳವೆ ಬಾವಿ ಕೊರೆದರು, ನೀರು ಸೋಸಲು ಬಟ್ಟೆ ಹಂಚಿದರು, ನೀರಿಗೆ ಕ್ರಿಮಿನಾಶಕ ಬೆರೆಸಿದರು, ಮನೆ ಮನೆ ಹುಡುಕಿ ರೋಗಿಗಳ ಪಟ್ಟಿ ಮಾಡಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ಕಂಡಿತು, 2000ದಲ್ಲಿ ಭಾರತ ನಾರು ಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಈ ಗೆಲುವಿನಲ್ಲಿ ಎಂಜಿನಿಯರು, ಮೇಸ್ತ್ರಿ, ಶಾಲೆಯ ಮೇಷ್ಟರ ಪಾಲು ವೈದ್ಯರ ಪಾಲಿಗಿಂತ ಕಡಿಮೆಯೇನಲ್ಲ.

ಮಲೆನಾಡಿನ ಮಂಗನ ಕಾಯಿಲೆಯೂ ಹಾಗೆಯೇ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಗೆ ಬಂದ ಈ ಜ್ವರದ ಜಾಡು ಹಿಡಿಯಬೇಕಾದರೆ ಕಾಡಿನಲ್ಲಿ ಸತ್ತ ಮಂಗನ ಸುದ್ದಿ ಬೇಗ ತಲುಪಬೇಕು, ಉಣುಗುಗಳನ್ನು ಹಿಡಿದು ಪರೀಕ್ಷಿಸಬೇಕು, ದರಗು ತರಲು ಕಾಡಿಗೆ ಹೋಗುವವರು ಮೈಗೆ ತೈಲ ಹಚ್ಚಿಕೊಂಡೇ ಹೋಗುವಂತೆ ಒಪ್ಪಿಸಬೇಕು. ಪಶುವೈದ್ಯ, ಕೀಟತಜ್ಞ, ಅರಣ್ಯ ವೀಕ್ಷಕ, ಊರಿನ ಮಾತು ಬಲ್ಲವರು ಇಲ್ಲದೆ ಎಂ.ಬಿ.ಬಿ.ಎಸ್. ಒಂದರಿಂದ ಇದು ಆಗುವುದಿಲ್ಲ.

ಮುಖ್ಯವಾದ ಕೆಲಸಗಳಲ್ಲಿ ಅರ್ಧದಷ್ಟು ನೋಡಲು ತೀರ ನೀರಸವಾದವು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ಸತ್ತಾಗ ರಾಜ್ಯ ಬೆಚ್ಚಿತು. ಬೆರಳು ತೋರಿದ್ದು ರಕ್ತನಾಳಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಕಡೆಗೆ. ಖರೀದಿ, ದಾಸ್ತಾನು, ಪ್ರಯೋಗಾಲಯದ ವರದಿ, ಯಾವ ಬ್ಯಾಚು ಯಾವ ಆಸ್ಪತ್ರೆಗೆ ಹೋಯಿತು ಎಂಬ ಲೆಕ್ಕ, ಇವೆಲ್ಲ ಜೀವನ್ಮರಣದ ವಿಷಯಗಳು. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆಂದು ಪ್ರತ್ಯೇಕ ನಿಗಮ ಮಾಡಿಕೊಂಡಿತು, ಅದು ಬೇರೆ ರಾಜ್ಯಗಳಿಗೆ ಮಾದರಿಯಾಯಿತು. ಖಾಸಗಿ ಕಂಪನಿಗಳಲ್ಲಿ ಸರಕು ಸಾಗಣೆ, ಗುಣಮಟ್ಟ ಪರೀಕ್ಷೆ, ಲೆಕ್ಕಪತ್ರ ನೋಡಿಕೊಂಡು ಪಳಗಿದವರು ಬೆಂಗಳೂರಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಅರ್ಥವಿರುವ ಕೆಲಸ ಬೇಕು ಎಂದು ಹಂಬಲಿಸುವವರಲ್ಲಿ ಎಷ್ಟು ಜನ ಔಷಧ ಉಗ್ರಾಣದ ಕಡೆ ನೋಡಿಯಾರು? ಅಲ್ಲಿ ನಗುವ ಮಕ್ಕಳ ಚಿತ್ರ ಸಿಗುವುದಿಲ್ಲ.

ಸಾಫ್ಟ್‌ವೇರ್‌ನವರಿಗೂ ಇಂಥ ಕೆಲಸವಿದೆ. ಉಪಕೇಂದ್ರದ ಆರೋಗ್ಯ ಸಿಬ್ಬಂದಿಯನ್ನು ಮಾತಾಡಿಸಿದರೆ ರೋಗಕ್ಕಿಂತ ಮೊದಲು ಬರುವ ದೂರು ದಾಖಲಾತಿಯದು. ತಾಯಿ ಮಗುವಿಗೆ ಒಂದು ಪೋರ್ಟಲ್, ಕ್ಷಯಕ್ಕೆ ನಿಕ್ಷಯ್, ಲಸಿಕೆಗೆ ಯು-ವಿನ್, ಬಿಪಿ ಶುಗರಿಗೆ ಬೇರೆ, ಇದರ ಮೇಲೆ ಕಾಗದದ ರಿಜಿಸ್ಟರುಗಳು. ಒಬ್ಬಳೇ ಗರ್ಭಿಣಿಯ ಹೆಸರನ್ನು ಹತ್ತು ಕಡೆ ಬರೆಯುವ ಈ ಗೋಜಲನ್ನು ಬಿಡಿಸುವ ಎಂಜಿನಿಯರು ಹಳ್ಳಿಯಲ್ಲಿ ಮನೆ ಮಾಡಬೇಕಾಗಿಯೂ ಇಲ್ಲ. ಮತ್ತೊಂದು ಹೊಸ ಆ್ಯಪ್ ಹಿಡಿದುಕೊಂಡು ಬರದಿದ್ದರೆ ಅದೇ ದೊಡ್ಡ ಉಪಕಾರ.

ಇನ್ನು ದುಡ್ಡಿನ ಮಾತು. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಊರಿನ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆ ಕಲಿಸಿ, ಅವುಗಳ ಸಾವನ್ನು ಶೇ 62ರಷ್ಟು ಇಳಿಸಿ ತೋರಿಸಿದರು. 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಆ ಅಧ್ಯಯನದ ಬೇರಿನಿಂದಲೇ ಇಂದಿನ ಆಶಾ ಕಾರ್ಯಕರ್ತೆಯರ ಮನೆ ಭೇಟಿಗಳು ಹುಟ್ಟಿದ್ದು. ಹೆರಿಗೆ ಆದ ಮನೆಗೆ 42 ದಿನಗಳೊಳಗೆ ಆರೇಳು ಬಾರಿ ಹೋಗಿ ಮಗುವಿನ ತೂಕ, ಉಷ್ಣಾಂಶ, ಎದೆಹಾಲು ಕುಡಿಯುವುದನ್ನೆಲ್ಲ ನೋಡಿದರೆ ಆಶಾಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ದೇಶವೇ ಹೆಮ್ಮೆಪಡುವ ವಿಜ್ಞಾನದ ಕೂಲಿ ಇಷ್ಟು.

ಆಶಾ ಎಂದರೆ ಯಾರು? 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆರಿಸಿದ, ಅದೇ ಊರಿನ ಸೊಸೆಯೋ ವಿಧವೆಯೋ ಆದ ಹೆಣ್ಣುಮಗಳು. ಹಿಂದಿನ ದಿನದವರೆಗೆ ಬೀಡಿ ಕಟ್ಟುತ್ತಲೋ, ಹೊಲಿಗೆ ಹಾಕುತ್ತಲೋ, ಕಳೆ ಕೀಳಲು ಹೋಗುತ್ತಲೋ ಇದ್ದವಳು. ಇಂದು ದೇಶದಲ್ಲಿ ಅವರ ಸಂಖ್ಯೆ ಸುಮಾರು ಹತ್ತು ಲಕ್ಷ, ಕರ್ನಾಟಕದಲ್ಲೇ ನಲವತ್ತು ಸಾವಿರಕ್ಕೂ ಮೇಲೆ. ಮಧ್ಯವಯಸ್ಸಿನಲ್ಲಿ ವೃತ್ತಿ ಬದಲಿಸಿ ಸಮುದಾಯ ಆರೋಗ್ಯಕ್ಕೆ ಬಂದವರ ಇಷ್ಟು ದೊಡ್ಡ ಗುಂಪು ಜಗತ್ತಿನಲ್ಲಿ ಇನ್ನೆಲ್ಲಾದರೂ ಇರುವುದು ಅನುಮಾನ. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದ ಬೀದಿಗಳಲ್ಲಿ ಮನೆ ಮನೆ ಎಣಿಸಿದವರು ಇವರು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿದ್ದು ಇವರನ್ನೇ. ಕಾಗದದಲ್ಲಿ ಮಾತ್ರ ಇವರು ಇಂದಿಗೂ ‘ಸ್ವಯಂಸೇವಕಿ’. ಕೇಂದ್ರದ ತಿಂಗಳ ನಿಗದಿತ ಪ್ರೋತ್ಸಾಹಧನ ಬಹಳ ಕಾಲ 2,000 ರೂಪಾಯಿಯಲ್ಲಿ ನಿಂತು, 2025ರಲ್ಲಿ 3,500ಕ್ಕೆ ಏರಿತು. ರಾಜ್ಯದ ಗೌರವಧನ ಬೇರೆ ಇದೆ, ನಿಜ. ಆದರೂ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15,000 ರೂಪಾಯಿಯ ನಿಶ್ಚಿತ ಆದಾಯ. ಸಿಕ್ಕಿದ್ದು ಹತ್ತು ಸಾವಿರದ ಭರವಸೆ.

ಸೇವೆ ಎಂದು ಬಂದವರು ದುಡ್ಡು ಕೇಳಬಾರದು ಎನ್ನುವವರು ಇದ್ದಾರೆ. ಹೀಗೆ ಹೇಳುವವರ ಸ್ವಂತ ಸಂಬಳ ತಿಂಗಳ ಮೊದಲ ದಿನವೇ ಖಾತೆಗೆ ಬಿದ್ದಿರುತ್ತದೆ ಎಂಬುದನ್ನು ಗಮನಿಸಬೇಕು.

ಸ್ವಲ್ಪ ಓದಿದವರ ಪಾಡೂ ಬಹಳ ಭಿನ್ನವಲ್ಲ. ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸುವ ಯೋಜನೆ 2018ರಲ್ಲಿ ಬಂದಾಗ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಹೊಸ ದಾರಿಯೊಂದು ತೆರೆಯಿತು. ಸಮುದಾಯ ಆರೋಗ್ಯದ ತರಬೇತಿ ಪಡೆದು ಅವರು ಸಮುದಾಯ ಆರೋಗ್ಯ ಅಧಿಕಾರಿಗಳಾದರು, ಇಲಾಖೆಯ ಆಡುಮಾತಿನಲ್ಲಿ ಸಿ.ಎಚ್.ಒ. ನಗರದ ಐಸಿಯುವಿನಲ್ಲಿ ವೈದ್ಯರ ಆದೇಶಕ್ಕೆ ಕಾಯುತ್ತಿದ್ದ ನರ್ಸ್ ಇಲ್ಲಿ ಮೂರರಿಂದ ಐದು ಸಾವಿರ ಜನರ ಹೊಣೆ ಹೊರುತ್ತಾರೆ. ಮೂವತ್ತು ದಾಟಿದವರ ಬಿಪಿ, ಶುಗರ್, ಬಾಯಿ ಮತ್ತು ಸ್ತನದ ಕ್ಯಾನ್ಸರ್ ತಪಾಸಣೆ, ಮಾತ್ರೆ ಕೊಡುವುದು, ದೂರದ ವೈದ್ಯರಿಗೆ ಫೋನಿನ ಪರದೆಯಲ್ಲಿ ರೋಗಿಯನ್ನು ತೋರಿಸುವುದು, ಎಲ್ಲ ಅವರದೇ. ವೃತ್ತಿ ಬದಲಾವಣೆಗೆ ಸರ್ಕಾರವೇ ದಾರಿ ಹಾಕಿಕೊಟ್ಟ ಅಪರೂಪದ ಪ್ರಸಂಗ ಇದು, ಮೆಚ್ಚಬೇಕಾದದ್ದೇ. ಆದರೆ ನೇಮಕ ಗುತ್ತಿಗೆಯದು. 2023ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಮಾತಿಗಾಗಿ ಮುಷ್ಕರ ಹೂಡಿದ್ದು ಮರೆಯುವಷ್ಟು ಹಳೆಯದಲ್ಲ. ಸಿ.ಎಚ್.ಒ. ಆದ ಮೇಲೆ ಏರಲು ಮುಂದಿನ ಮೆಟ್ಟಿಲು ಎಲ್ಲಿದೆ ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲ.

ಎಂ.ಬಿ.ಬಿ.ಎಸ್. ಮುಗಿಸಿದ ಇಪ್ಪತ್ಮೂರರ ಹುಡುಗ ಹುಡುಗಿಯರನ್ನು ಹಳ್ಳಿಗೆ ಕಳಿಸಲು ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ಮಾಡಿತು. ಅನೇಕರು ಅದನ್ನು ಶಿಕ್ಷೆಯೆಂದೇ ತಿಳಿದರು. ಇತ್ತ ನಲವತ್ತರ ಹೊತ್ತಿಗೆ ತಾನಾಗಿ ಬರುತ್ತೇನೆ ಎನ್ನುವ ಲೆಕ್ಕಪರಿಶೋಧಕನಿಗೋ, ಔಷಧ ಕಂಪನಿಯ ರಸಾಯನಶಾಸ್ತ್ರಜ್ಞೆಗೋ ಬಾಗಿಲೇ ಇಲ್ಲ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಈಗ ವೈದ್ಯರಲ್ಲದವರಿಗೂ ಹಲವು ಕಡೆ ಸಿಗುತ್ತದೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲೇ ಎಂ.ಪಿ.ಎಚ್. ಶುರು ಮಾಡಿತು, ನಮ್ಮಲ್ಲಿ ನಿಮ್ಹಾನ್ಸ್, ಮಣಿಪಾಲಗಳಲ್ಲಿ ಇದೆ. ಆದರೆ ಮನೆ ಸಾಲದ ಕಂತು ಕಟ್ಟುವವರು ಎರಡು ವರ್ಷ ಸಂಬಳವಿಲ್ಲದೆ ತರಗತಿಯಲ್ಲಿ ಕೂರುವುದು ಹೇಗೆ? ದುಡಿಯುತ್ತಲೇ ಕಲಿಯುವ ಕೋರ್ಸು, ಜೀವನ ನಡೆಯುವಷ್ಟು ಶಿಷ್ಯವೇತನ, ಓದು ಮುಗಿದ ಮೇಲೆ ಜಿಲ್ಲಾ ಮಟ್ಟದಲ್ಲಿ ಗುತ್ತಿಗೆಯದಲ್ಲದ ಹುದ್ದೆ, ಅನುಭವವಿರುವ ಆಶಾಗಳಿಗೆ ನರ್ಸಿಂಗ್ ಶಾಲೆಗಳಲ್ಲಿ ಮೀಸಲು ಸೀಟು ಬೇಕು. ಹೊಸ ಕಟ್ಟಡಗಳ ಅಡಿಗಲ್ಲಿಗೆ ಹೋಗುವ ಹಣದ ಒಂದು ಪಾಲು ಇದಕ್ಕೆ ಸಾಕು.

ಎಲ್ಲರೂ ರಾಜೀನಾಮೆ ಕೊಡಬೇಕಾಗಿಯೂ ಇಲ್ಲ. ಕೇರಳದ ಕೋಯಿಕ್ಕೋಡಿನಲ್ಲಿ ಎಂ.ಆರ್. ರಾಜಗೋಪಾಲ್ ಮತ್ತು ಸುರೇಶ್ ಕುಮಾರ್ ಎಂಬ ಅರಿವಳಿಕೆ ತಜ್ಞರು 1993ರಲ್ಲಿ ನೋವು ಮತ್ತು ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ನೋವನ್ನು ಕಳೆಯುವುದು ಅವರ ಹಳೆಯ ವೃತ್ತಿ, ಮನೆಯ ಮೂಲೆಯಲ್ಲಿ ಕ್ಯಾನ್ಸರಿನಿಂದ ನರಳುವವರ ನೋವು ಹೊಸದು. ಆಸ್ಪತ್ರೆಯಲ್ಲಿ ಕೂತು ಈ ಕೆಲಸ ಆಗದೆಂದು ತಿಳಿದಾಗ ಅವರು ನೆರೆಹೊರೆಯವರನ್ನು ಸೇರಿಸಿಕೊಂಡರು. ಶಿಕ್ಷಕರು, ಅಂಗಡಿಯವರು, ಆಟೊ ಓಡಿಸುವವರು ಕೆಲವು ತಾಸುಗಳ ತರಬೇತಿ ಪಡೆದು ವಾರಕ್ಕಿಷ್ಟು ಹೊತ್ತು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಉಪಶಾಮಕ ಆರೈಕೆಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯವಾಯಿತು ಕೇರಳ. ಪಕ್ಕದಲ್ಲೇ ಇರುವ ದಕ್ಷಿಣ ಕನ್ನಡ, ಕೊಡಗಿನ ಪಂಚಾಯಿತಿಗಳು ಇದನ್ನು ಎತ್ತಿಕೊಳ್ಳಲು ಯಾವ ದೊಡ್ಡ ಅಡ್ಡಿಯೂ ಇಲ್ಲ.

ಬಂದವರು ಹೋದ ಮೇಲೂ ಕೆಲಸ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಬಿಳಿಗಿರಿರಂಗನಬೆಟ್ಟದ ವೈದ್ಯ ಎಚ್. ಸುದರ್ಶನ್ ಅವರದು ಒಂದು ಉತ್ತರ. 1981ರಿಂದ ಸೋಲಿಗರ ನಡುವೆ ದುಡಿದ ಅವರು ತಮ್ಮದೇ ಆಸ್ಪತ್ರೆಗಳನ್ನು ಪೋಣಿಸುತ್ತ ಹೋಗುವ ಬದಲು, ಕರುಣಾ ಟ್ರಸ್ಟ್ ಮೂಲಕ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡು ನಡೆಸಿ ತೋರಿಸಿದರು. ಗೂಡಲೂರಿನದು ಇನ್ನೊಂದು ಉತ್ತರ. ನೀಲಗಿರಿಯ ಆ ಆದಿವಾಸಿ ಊರುಗಳಿಗೆ 1987ರಲ್ಲಿ ಬಂದ ವೈದ್ಯ ದಂಪತಿ ದೇವದಾಸನ್ ಮತ್ತು ರೂಪಾ ದೇವದಾಸನ್, ಆಮೇಲೆ ಅಮೆರಿಕದ ಕೆಲಸ ಬಿಟ್ಟು ಸೇರಿಕೊಂಡ ಶಸ್ತ್ರವೈದ್ಯ ನಂದಕುಮಾರ್ ಮೆನನ್ ಮತ್ತು ಪ್ರಸೂತಿ ತಜ್ಞೆ ಶೈಲಜಾ ದೇವಿ ಮೊದಲಿನಿಂದಲೂ ಆದಿವಾಸಿ ಹುಡುಗಿಯರಿಗೆ ಶುಶ್ರೂಷೆ ಕಲಿಸಿದರು. ಅಲ್ಲಿ ತೆರೆದ ಆಸ್ಪತ್ರೆಯನ್ನು ಆದಿವಾಸಿಗಳೇ ನಡೆಸಬೇಕು ಎಂಬುದು ಅವರ ಲೆಕ್ಕವಾಗಿತ್ತು. ದೇವದಾಸನ್ ಮುಂದೆ ಬೆಂಗಳೂರಿಗೆ ಬಂದು 2005ರಲ್ಲಿ ಸಾರ್ವಜನಿಕ ಆರೋಗ್ಯ ಸಂಸ್ಥೆ ಕಟ್ಟುವಾಗ ಗೂಡಲೂರಿನ ಆಸ್ಪತ್ರೆ ಬಾಗಿಲು ಹಾಕಲಿಲ್ಲ. ಆ ಹುಡುಗಿಯರು ಅಷ್ಟರಲ್ಲಿ ಪಳಗಿದ ನರ್ಸುಗಳಾಗಿದ್ದರು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ಊರು ಅದು. ಅಧ್ಯಯನ ಪ್ರವಾಸಕ್ಕೆ ನಮ್ಮ ಆರೋಗ್ಯ ಇಲಾಖೆಯವರಿಗೆ ವಿಮಾನದ ಟಿಕೆಟ್ ಕೂಡ ಬೇಕಿಲ್ಲ, ಮೈಸೂರಿನಿಂದ ಬಸ್ಸಿದೆ.